ಹೈಡ್ರಾ ಸಾಕಿದ ಬೇಸಿಗೆ

೧೧ ಮಾರ್ಚ್ ೧೯೭೯, ಭಾನುವಾರ, ರಾಯಚೂರು

ಧಾರವಾಡದ ಗುರುಗಳು ಎಲ್ಲವನ್ನೂ ಆಯಾ ದಿನವೇ ಬರೆದಿಡಬೇಕೆಂದು ಹೇಳಿದ್ದಾರೆ. ನೀರಿನ ಶಾಖ, ಬಟ್ಟಲಿನ ನಂಬರು, ಯಾವ ಹೈಡ್ರಾ ಯಾವಾಗ ಮೊಗ್ಗು ಬಿಟ್ಟಿತು ಎಂಬುದೆಲ್ಲ ಲ್ಯಾಬಿನ ರಿಜಿಸ್ಟರಿಗೆ ಹೋಗುತ್ತದೆ. ಅಲ್ಲಿ ಬರೆಯಲು ಬಾರದ್ದಕ್ಕೆ ಈ ಡೈರಿ. ಔಷಧ ಅಂಗಡಿಯವರು ಪುಕ್ಕಟೆ ಕೊಟ್ಟದ್ದು. ಪ್ರತಿ ಪುಟದ ಕೆಳಗೂ ಒಂದು ಟಾನಿಕ್ಕಿನ ಜಾಹೀರಾತಿದೆ.

ಮೊದಲ ಪುಟವಾದ್ದರಿಂದ ನನ್ನ ಪರಿಚಯವನ್ನು ನಾನೇ ಮಾಡಿಕೊಳ್ಳುತ್ತೇನೆ. ಹೆಸರು ತಾಯಣ್ಣ, ಪ್ರಾಣಿಶಾಸ್ತ್ರದ ಲೆಕ್ಚರರ್, ವಯಸ್ಸು ಮೂವತ್ತಮೂರು, ತಲೆಗೂದಲು ಮಾತ್ರ ಅದಕ್ಕಿಂತ ಹಿರಿಯರದು. ನಾಲ್ಕು ವರ್ಷದಿಂದ ಡಾಕ್ಟರಾಗುವ ಪ್ರಯತ್ನದಲ್ಲಿದ್ದೇನೆ. ಸುದ್ದಿ ತಿಳಿದ ನಮ್ಮ ಕೇರಿಯವರು ಈಗಾಗಲೇ ಸೊಂಟನೋವು, ಮೊಣಕಾಲು ನೋವು ಎಂದು ಹೇಳಿಕೊಂಡು ಬರುತ್ತಾರೆ. ನಾನು ಹುಳದ ಡಾಕ್ಟರ್ರಪಾ ಎಂದರೆ, ಹಾಗಾದರೆ ಹಲ್ಲಿನ ಹುಳಕ್ಕೆ ಔಷಧ ಕೊಡು ಎನ್ನುತ್ತಾರೆ.

ನನ್ನ ಹುಳಕ್ಕೆ ಹಲ್ಲೂ ಇಲ್ಲ. ಅರ್ಧ ಇಂಚಿನ ಬಿಳಿ ದಾರದ ತುಂಡಿನಷ್ಟಿದೆ, ಬಾಯಿಯ ಸುತ್ತ ಬಿಚ್ಚಿದ ಎಳೆಗಳಂಥ ಕೈಗಳು. ಸಿಹಿನೀರಿನಲ್ಲಿ ಎಲೆಯ ಅಡಿಗೆ ಅಂಟಿಕೊಂಡಿರುತ್ತದೆ. ಕತ್ತರಿಸಿದರೆ ಸಾಯುವುದಿಲ್ಲ, ತುಂಡುಗಳೆಲ್ಲ ಒಂದೊಂದು ಹೈಡ್ರಾ ಆಗುತ್ತವೆ. ಮರಿ ಹಾಕಲು ಅದಕ್ಕೆ ಗಂಡ ಬೇಕಿಲ್ಲ, ಸೂಲಗಿತ್ತಿ ಬೇಕಿಲ್ಲ, ತವರುಮನೆಯೂ ಬೇಕಿಲ್ಲ. ಮೈಮೇಲೆ ಒಂದು ಮೊಗ್ಗು ಬಿಡುತ್ತದೆ. ಮೊಗ್ಗಿಗೆ ಕೈ ಮೂಡುತ್ತವೆ, ಆಮೇಲೆ ಕಳಚಿಕೊಂಡು ತನ್ನ ಪಾಡಿಗೆ ಹೋಗುತ್ತದೆ. ಎಷ್ಟು ಸಲೀಸು!

ಸೂಗಮ್ಮ ನಿನ್ನೆ ದೇವದುರ್ಗಕ್ಕೆ, ತವರಿಗೆ ಹೋದಳು. ಐದನೇ ತಿಂಗಳಿಗೇ ಕಳಿಸಬೇಕಾಯಿತು, ಮಲಗಿಯೇ ಇರಬೇಕೆಂದು ಡಾಕ್ಟರಮ್ಮ ಹೇಳಿದ್ದಾರೆ. ಇದು ಮೂರನೆಯ ಬಸಿರು. ಮೊದಲನೆಯದು ಹುಟ್ಟಿದ ಮೂರನೆಯ ದಿನ ಹೋಯಿತು, ಎರಡನೆಯದು ಹುಟ್ಟುವಾಗಲೇ ಹೋಗಿತ್ತು. ಅದರ ಬಗ್ಗೆ ಇಷ್ಟು ಸಾಕು. ಡೈರಿ ಹೊಸದು.

೧೮ ಮಾರ್ಚ್

ನಮ್ಮ ಬಸ್ ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸೂ ಮಾನ್ವಿಯ ಬಸ್ಸೂ ಅಕ್ಕಪಕ್ಕ ನಿಲ್ಲುತ್ತವೆ. ಒಂದು ಗಬ್ಬೂರು, ಮಸರಕಲ್ ಮೇಲೆ ಹೆಂಡತಿ ಇರುವಲ್ಲಿಗೆ ಹೋಗುತ್ತದೆ. ಇನ್ನೊಂದು ಹೈಡ್ರಾದ ನೀರು ಇರುವಲ್ಲಿಗೆ. ವಾರಕ್ಕೆ ಭಾನುವಾರ ಒಂದೇ. ಸರ್ಕಾರ ಎರಡು ಭಾನುವಾರ ಕೊಟ್ಟಿದ್ದರೆ ನಾನು ಒಳ್ಳೆಯ ಗಂಡನೂ ಆಗಿರುತ್ತಿದ್ದೆ.

ಮಾನ್ವಿಯ ಬಸ್ಸು ಹತ್ತಿದೆ. ನಲ್ಲಿ ನೀರಿನ ಬ್ಲೀಚಿಂಗ್ ಪೌಡರನ್ನು ಹೈಡ್ರಾ ತಾಳುವುದಿಲ್ಲ. ಅದಕ್ಕೆ ಬೇಕಾದ ನೀರು ಇರುವುದು ನನ್ನ ಊರಾದ ಹಿರೇಕೊಟ್ನೆಕಲ್ಲಿನಾಚೆ, ಇನ್ನೊಂದು ಹಳ್ಳಿಯ ಹೊರಗಿನ ಮೆಟ್ಟಿಲ ಬಾವಿಯಲ್ಲಿ. ನನ್ನ ಹೈಡ್ರಾಗಳ ಮೂಲಪುರುಷ ಸಿಕ್ಕಿದ್ದೂ ಅಲ್ಲಿಯೇ. ಪುರುಷ ಎಂದದ್ದು ತಪ್ಪು, ಇರಲಿ. ಆ ಹಳ್ಳಿಯ ಹೆಸರನ್ನು ಥೀಸಿಸ್ಸಿನ ಕರಡಿನಲ್ಲೂ ಬರೆದಿಲ್ಲ, ‘ಮಾನ್ವಿ ತಾಲೂಕಿನ ಒಂದು ಬಾವಿ’ ಎಂದಷ್ಟೇ ಇದೆ. ಯಾರಾದರೂ ಬಂದು ಕದ್ದಾರೆಂಬ ಭಯ. ರಾಯಚೂರು ಜಿಲ್ಲೆಯಲ್ಲಿ ಹೈಡ್ರಾ ಕದಿಯಲು ಹೊಂಚು ಹಾಕಿ ಕೂತವರು ಎಷ್ಟು ಜನರೋ!

ಎರಡು ಕ್ಯಾನು ನೀರು ಹೊತ್ತು ಬಸ್ಸು ಹತ್ತುವಾಗ ಕಂಡಕ್ಟರ್ ಕೇಳಿದ. “ಏನ್ರಿ ಮಾಸ್ತರ್ರ, ತೀರ್ಥ ಏನ್ರಿ ಇದು?”

“ಹುಳ ಸಾಕೀನ್ರಿ, ಅದಕ್ಕ ನೀರು,” ಎಂದೆ.

ಅವನು ನನ್ನನ್ನೂ ಕ್ಯಾನನ್ನೂ ನೋಡಿ, “ಮನ್ಯಾಗ ಎಲ್ಲಾರೂ ಆರಾಮ ಅದಾರಲ್ರಿ?” ಎಂದು ಮೆಲ್ಲಗೆ ವಿಚಾರಿಸಿದ.

ಮುಂದಿನ ವಾರ ಖಂಡಿತ ಬರುತ್ತೇನೆಂದು ಸೂಗಮ್ಮನಿಗೆ ಕಾರ್ಡು ಬರೆದೆ.

೧ ಏಪ್ರಿಲ್

ಮುಂದಿನ ವಾರವೂ ಆಯಿತು, ಅದರ ಮುಂದಿನ ವಾರವೂ ಆಯಿತು. ಮಾನ್ವಿಗೇ ಹೋಗಿ ಬಂದೆ. ಬರುವಾಗ ನೀರಿನ ಜೊತೆ ಊರಿನಿಂದ ಅವ್ವನೂ ಬಂದಳು. ಸೊಸೆ ಇಲ್ಲದ ಮನೆಯಲ್ಲಿ ಮಗ ಉಪವಾಸ ಇದ್ದಾನೆಂದು ಅವಳ ನಂಬಿಕೆ. ಹೋಟೆಲ್ಲಿನಲ್ಲಿ ತಿಂದು ತಿಂದು ನನ್ನ ಪ್ಯಾಂಟು ಬಿಗಿಯಾಗಿರುವುದು ಅವಳಿಗೆ ಕಾಣಲಿಲ್ಲ.

ಒಂದು ಗಂಟು ಬಟ್ಟೆ, ಒಂದು ಚೀಲ ಜೋಳದ ಹಿಟ್ಟು, ತನ್ನ ತಾಮ್ರದ ಕೊಡ, ಇಷ್ಟು ಅವಳ ಸಾಮಾನು. ಕಾಲುವೆ ಕೆಲಸಕ್ಕೆ ಮಣ್ಣು ಹೊತ್ತ ವರ್ಷ ಕೊಂಡ ಕೊಡ ಅದು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಳು. ಊರಿನಲ್ಲಿ ಬಿಟ್ಟು ಬರಬಹುದಿತ್ತಲ್ಲ ಎಂದರೆ, “ನೀ ಹುಳದ ನೀರು ಬಿಟ್ಟು ಬರ್ತೀಯೇನು?” ಎಂದು ಕೇಳಿದಳು.

೯ ಏಪ್ರಿಲ್

ಗುರುಗಳಿಂದ ಕಾಗದ. ಜುಲೈ ಮುಗಿಯುವುದರೊಳಗೆ ಕೊನೆಯ ಅಧ್ಯಾಯದ ಪ್ರಯೋಗ ಮುಗಿಯಬೇಕು, ಇಲ್ಲದಿದ್ದರೆ ರಿಜಿಸ್ಟ್ರೇಷನ್ ರದ್ದಾಗುತ್ತದೆ. ಪ್ರಯೋಗ ಹೇಳಲು ಬಹಳ ಸರಳ. ಮೊಗ್ಗು ಹೊತ್ತ ಹೈಡ್ರಾದ ತಲೆ ಕತ್ತರಿಸಿದರೆ ಅದು ಮೊದಲು ತನ್ನ ತಲೆಯನ್ನು ಬೆಳೆಸಿಕೊಳ್ಳುತ್ತದೋ, ಮೊಗ್ಗನ್ನು ಬೆಳೆಸುತ್ತದೋ? ಇಷ್ಟನ್ನು ಕಂಡುಹಿಡಿದರೆ ನಾನು ಡಾಕ್ಟರ್ ತಾಯಣ್ಣ. ಹೈಡ್ರಾಗಳು ಈಗ ಬಟ್ಟಲು ಬಟ್ಟಲು ತುಂಬಿವೆ. ಎಲ್ಲವೂ ಒಂದೇ ಹೈಡ್ರಾದ ಸಂತಾನ. ಈ ವಂಶ ಹೋದರೆ ನನ್ನ ನಾಲ್ಕು ವರ್ಷವೂ ಹೋದ ಹಾಗೆ.

ಹೀಗಾಗಿ ಇಂದು ಲ್ಯಾಬಿನಲ್ಲಿ ಕಾಯಿದೆ ಬಿಗಿಮಾಡಿದೆ. ಹೈಡ್ರಾಕ್ಕೆ ತಾಮ್ರ ಎಂದರೆ ವಿಷ. ತಾಮ್ರ ತಗುಲಿದ ನೀರು ಸಾಕು, ಕರಗಿಹೋಗುತ್ತದೆ. ‘ತಾಮ್ರದ ವಸ್ತು ಒಳಗೆ ತರಕೂಡದು’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ. ನಮ್ಮ ಅಟೆಂಡರ್ ಲಾಲ್ ಸಾಬನ ಬೆರಳಿನಲ್ಲಿ ತಾಮ್ರದ ಉಂಗುರವಿತ್ತು, ತೆಗೆಸಿದೆ.

“ಸರ್, ನಮ್ಮ ಅಬ್ಬಾ ಹಾಕಿದ್ದು ಅದ ರೀ ಇದು. ಹುಳದ ಸಲುವಾಗಿ ತೆಗೀಲೇನು?”

“ಹುಳದ ಸಲುವಾಗಿ ಅಲ್ಲ ಲಾಲ್ ಸಾಬ್, ವಿಜ್ಞಾನದ ಸಲುವಾಗಿ,” ಎಂದೆ.

“ಹುಳ ಅಂದಿದ್ರ ತೆಗೀತಿದ್ದೆ,” ಎಂದು ಗೊಣಗುತ್ತ ತೆಗೆದು ಜೇಬಿಗೆ ಹಾಕಿಕೊಂಡ. ಉಂಗುರ ಹಾಕಿದ ಕೈ ಎಂದೂ ನೀರಿನಲ್ಲಿ ಅದ್ದಿದ್ದಿಲ್ಲ, ಪಾಪ. ಆದರೆ ಕಾಯಿದೆ ಎಂದರೆ ಕಾಯಿದೆ. ಅರ್ಧ ತಾಸು ಭಾಷಣವನ್ನೂ ಕೊಟ್ಟೆ.

೨೨ ಏಪ್ರಿಲ್

ಕಾಲೇಜಿಗೆ ರಜೆ ಬಿದ್ದಿದೆ. ರಜೆ ಎಂದರೆ ವಾರವೆಲ್ಲ ಭಾನುವಾರವೇ, ದೇವದುರ್ಗಕ್ಕೆ ಹೋಗಲು ಅಡ್ಡಿ ಏನೂ ಇಲ್ಲ ಎಂದು ಅವ್ವ ಲೆಕ್ಕ ಹೇಳಿದಳು. ಅಡ್ಡಿ ಇದೆ ಎಂದೆ. ಬಿಸಿಲು. ಹೈಡ್ರಾಕ್ಕೆ ತಂಪು ಬೇಕು, ನಮ್ಮ ಊರಿಗೆ ಅದು ಗೊತ್ತಿಲ್ಲ. ಬಟ್ಟಲುಗಳನ್ನು ಮರಳು ತುಂಬಿದ ತೊಟ್ಟಿಯಲ್ಲಿ ಹುಗಿದು, ಸುತ್ತ ಒದ್ದೆ ಗೋಣಿತಟ್ಟು ಹೊದಿಸಿ, ನಾನೂ ಲಾಲ್ ಸಾಬನೂ ಸರದಿಯ ಮೇಲೆ ನೀರು ಚಿಮುಕಿಸುತ್ತೇವೆ. ಬಿಸಿಲು ಹೆಚ್ಚಾದರೆ ಹೈಡ್ರಾ ಕೈಗಳನ್ನು ಒಳಗೆಳೆದುಕೊಂಡು ಗುಂಡಗೆ ಕೂತುಬಿಡುತ್ತದೆ. ತಿನ್ನುವುದಿಲ್ಲ, ಮೊಗ್ಗು ಬಿಡುವುದಿಲ್ಲ, ಯಾರ ಗೊಡವೆಗೂ ಬರುವುದಿಲ್ಲ. ಪುಸ್ತಕದಲ್ಲಿ ಇದಕ್ಕೆ ಖಿನ್ನತೆ ಎಂದೇ ಹೆಸರು. ಮನುಷ್ಯರಲ್ಲಿ ಇಂಥದ್ದು ಕಂಡಿಲ್ಲ.

೨೬ ಏಪ್ರಿಲ್

ಪ್ರಯೋಗ ಶುರು. ಮೊಗ್ಗಿಲ್ಲದ ಹೈಡ್ರಾಗಳ ತಲೆಗಳನ್ನು ಮೂಲಂಗಿ ಹೆಚ್ಚಿದ ಹಾಗೆ ಹೆಚ್ಚಿ ಮುಗಿಸಿದೆ. ಮೊಗ್ಗು ಇದ್ದವುಗಳ ಸರದಿ ಬಂದಾಗ ಬ್ಲೇಡು ಮೊಂಡಾಗಿದೆ ಅನ್ನಿಸಿತು. ನಾಳೆ ಹೊಸ ಬ್ಲೇಡು ತರಬೇಕು.

೨೭ ಏಪ್ರಿಲ್

ಹೊಸ ಬ್ಲೇಡು ತಂದೆ. ಬೆಳಕು ಸಾಲಲಿಲ್ಲ.

೩೦ ಏಪ್ರಿಲ್

ಬೆಳಕಿತ್ತು. ಲೆನ್ಸಿನ ಕೆಳಗೆ ನೋಡಿದರೆ ಮೊಗ್ಗಿಗೆ ಆಗತಾನೆ ಎರಡು ಕೈ ಮೂಡಿದ್ದವು. ತಾಯಿ ಹಿಡಿದು ನುಂಗಿದ ಡಾಫ್ನಿಯಾ ಎಂಬ ಸಣ್ಣ ನೀರುಹುಳದ ಸಾರ ಮೊಗ್ಗಿನ ಹೊಟ್ಟೆಗೂ ಇಳಿಯುತ್ತಿತ್ತು. ಹೊಟ್ಟೆ ಇಬ್ಬರಿಗೂ ಒಂದೇ. ಊಟದ ಹೊತ್ತಿನಲ್ಲಿ ಕತ್ತರಿಸಿದರೆ ಅಳತೆ ತಪ್ಪಬಹುದು. ಉಪವಾಸ ಇಟ್ಟು ಕತ್ತರಿಸುವುದು ಶಾಸ್ತ್ರೀಯ. ಮುಂದಿನ ವಾರಕ್ಕೆ ಹಾಕಿದೆ.

“ಸರ್, ಬ್ಲೇಡ್ ನಾ ಹಿಡೀಲೇನ್ರಿ?” ಎಂದು ಲಾಲ್ ಸಾಬ್ ಕೇಳಿದ. ಗದರಿಸಿ ಕಳಿಸಿದೆ. ನಾಲ್ಕು ವರ್ಷದ ಅನುಭವ ಬೇಕಾಗುವ ಕೆಲಸ ಇದು.

೬ ಮೇ, ದೇವದುರ್ಗದಿಂದ ಬಂದು

ಕಡೆಗೂ ಹೋಗಿಬಂದೆ. ಅವ್ವ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು, ಹೋಗಲೇಬೇಕಾಯಿತು.

ಅತ್ತೆ ಮಾನಮ್ಮ ಬಾಗಿಲಲ್ಲೇ, “ಬರ್ರಿ ಅಳಿಯಾರ, ಹಾದಿ ಮರತಿರಿ ಅಂತ ಮಾಡಿದ್ವಿ,” ಎಂದು ನೀರು ಕೊಟ್ಟಳು. ಸೂಗಮ್ಮ ಗೋಡೆಗೆ ಒರಗಿ ಕೂತು ಶೇಂಗಾ ಸುಲಿಯುತ್ತಿದ್ದಳು. ಮುಖ ತುಂಬಿಕೊಂಡಿದೆ. ನಾನು ಕೂತವನೇ ಮರಳಿನ ತೊಟ್ಟಿಯ ವಿಷಯ ಹೇಳಿದೆ, ಗೋಣಿತಟ್ಟಿನ ವಿಷಯ ಹೇಳಿದೆ, ಗುರುಗಳ ಕಾಗದದ ವಿಷಯ ಹೇಳಿದೆ. ಮೊದಲ ವರ್ಷ ಹೈಡ್ರಾಗಳು ನಮ್ಮ ಅಡುಗೆಮನೆಯ ಗೂಡಿನಲ್ಲಿ ಗಾಜಿನ ಲೋಟಗಳಲ್ಲಿದ್ದವು. ಅವಕ್ಕೆ ಆಹಾರ ಹಾಕುತ್ತಿದ್ದವಳು ಇವಳೇ. ಹೀಗಾಗಿ ಕೇಳಿದಳು, ತಾಳ್ಮೆಯಿಂದ ಎಲ್ಲ ಕೇಳಿದಳು.

ಆಮೇಲೆ, “ಹುಳದ ಸುದ್ದಿ ಮುಗೀತೇನ್ರಿ?” ಎಂದಳು.

“ಮುಗೀತು.”

“ನಂದೇನೂ ಕೇಳಂಗಿಲ್ಲೇನು?”

ಏನು ಕೇಳಬೇಕೆಂದು ಹೊಳೆಯದೆ, ಇಲ್ಲಿ ನಲ್ಲಿ ನೀರು ದಿನಾ ಬರುತ್ತದೆಯೇ ಎಂದು ಕೇಳಿದೆ. ಅವಳು ನಕ್ಕಳು. ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡು, “ಇಲ್ಲೆ ನೋಡ್ರಿ, ಒದಿಯಾಕತ್ತೈತಿ,” ಎಂದಳು. ಒದೆಯಿತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕೂತು ಎರಡು ಚಹಾ ಕುಡಿದೆ. ಅಂಗೈ ಯಾಕೋ ಬಿಸಿಯಾಗಿಯೇ ಇತ್ತು. ಚಹಾದ ಗ್ಲಾಸು ಹಿಡಿದದ್ದಕ್ಕೆ ಇರಬೇಕು.

೧೩ ಮೇ

ಮಾನ್ವಿ. ನೀರು.

೨೦ ಮೇ

ಮಾನ್ವಿ. ನೀರು. ಬಾವಿಯೂ ಕೆಳಗಿಳಿದಿದೆ. ಕೊನೆಯ ಮೆಟ್ಟಿಲಿನವರೆಗೂ ಇಳಿದು ತುಂಬಿಕೊಂಡೆ. ರಾಯಚೂರಿನಲ್ಲಿ ಕಾಗೆಗಳೂ ಬಾಯಿ ತೆರೆದು ಕೂತಿವೆ. ಆದರೂ ನನ್ನ ಹೈಡ್ರಾಗಳು ಬದುಕಿವೆ, ಮೊಗ್ಗು ಬಿಟ್ಟಿವೆ. ಇದನ್ನು ಕಂಡು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕೈ ಅಲ್ಲಿಯವರೆಗೂ ಎಟುಕುವುದಿಲ್ಲ, ಆದರೂ ತಟ್ಟಿಕೊಂಡೆ.

೨೯ ಮೇ

ಎಲ್ಲ ಸತ್ತವು.

೩೧ ಮೇ

ಬರೆಯಬೇಕು.

ಭಾನುವಾರ ತಂದ ನೀರನ್ನು ಎಂದಿನಂತೆ ಮನೆಯ ಮಣ್ಣಿನ ಹರವಿಯಲ್ಲಿ ತಂಪಾಗಲು ಸುರಿದಿಟ್ಟು ಮಲಗಿದೆ. ಸೋಮವಾರ ಬೆಳಿಗ್ಗೆ ಅವ್ವ ಕ್ಯಾನುಗಳನ್ನು ತುಂಬಿಯೇ ಇಟ್ಟಿದ್ದಳು. ಎಂದೂ ಇಲ್ಲದ ಉಪಕಾರ ಯಾಕೆಂದು ಕೇಳಲಿಲ್ಲ. ಲ್ಯಾಬಿಗೆ ಹೋಗಿ ಎಲ್ಲ ಬಟ್ಟಲುಗಳ ನೀರನ್ನೂ ಬದಲಿಸಿದೆ. ಎಲ್ಲ ಬಟ್ಟಲುಗಳನ್ನು ಒಂದೇ ದಿನ ಬದಲಿಸಬಾರದು, ಒಂದೆರಡನ್ನು ಹಾಗೇ ಬಿಡಬೇಕು ಎಂದು ಹುಡುಗರಿಗೆ ವರ್ಷವರ್ಷವೂ ಪಾಠ ಹೇಳುವವನು ನಾನು. ಮಂಗಳವಾರ ನೋಡಿದರೆ ಬಟ್ಟಲುಗಳ ತಳದಲ್ಲಿ ಬರೀ ಬೂದಿ ಬಣ್ಣದ ಲೋಳೆ. ಮೊಗ್ಗು ಯಾವುದು, ತಾಯಿ ಯಾವುದು ಗುರುತು ಸಿಗುವಂತಿರಲಿಲ್ಲ.

ಲಾಲ್ ಸಾಬ್ ಬೆರಳನ್ನು ಎತ್ತಿ ತೋರಿಸಿದ. “ಸರ್, ಉಂಗುರ ಹಾಕಿಲ್ಲ ರೀ ನಾ. ಖುದಾಕಿ ಕಸಮ್!” ನಾನು ಅವನನ್ನು ಅನುಮಾನಿಸಿದೆನೆಂದು ಅವನಿಗೆ ತಿಳಿದದ್ದಕ್ಕೇ ನನಗೆ ನಾಚಿಕೆಯಾಯಿತು.

ಮನೆಗೆ ಬಂದು ಹರವಿ ನೋಡಿದರೆ ಸೀಳಿಹೋಗಿತ್ತು. ಪಕ್ಕದಲ್ಲಿ ಅವ್ವನ ತಾಮ್ರದ ಕೊಡ, ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಹೊಳೆಯುತ್ತಿತ್ತು. ಇಡೀ ಕಾಲೇಜಿಗೆ ತಾಮ್ರದ ಭಾಷಣ ಮಾಡಿದವನು ಮನೆಯಲ್ಲಿ ಒಂದು ಮಾತು ಹೇಳಿರಲಿಲ್ಲ. ಅವ್ವನಿಗೆ ವಿಜ್ಞಾನ ಯಾಕೆ ಎಂದುಕೊಂಡಿದ್ದೆ.

ಅದನ್ನೆಲ್ಲ ಆಗ ಯೋಚಿಸಲಿಲ್ಲ. ಕೂಗಾಡಿದೆ. ಓಣಿಯವರು ಹೊರಗೆ ಬಂದು ನಿಂತರು. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ.

“ಹರವಿ ಸೋರಾಕತ್ತಿತ್ತಪಾ,” ಎಂದಳು. “ಅಷ್ಟು ದೂರದಿಂದ ಹೊತ್ತು ತಂದ ನೀರು ಮಣ್ಣುಪಾಲು ಮಾಡಾಕ ಬರ್ತದೇನು? ಮನ್ಯಾಗ ಅದೊಂದೇ ಚಲೋ ಕೊಡ ಇತ್ತು, ತಿಕ್ಕಿ ಹಾಕಿಟ್ಟೆ.”

“ಬಕೀಟಿಗೆ ಹಾಕಬೇಕಿತ್ತು! ಬಕೀಟು ಇರಲಿಲ್ಲೇನು?”

“ಆ ಬಾವಿ ನೀರು ಬಕೀಟಿಗೆ ಹಾಕಲೇನು?” ಅವ್ವ ಈಗ ನನ್ನ ಕಡೆ ತಿರುಗಿದಳು. “ನಿನಗ ಗೊತ್ತಿಲ್ಲ. ಕಾಲುವೆ ಕೆಲಸಕ್ಕ ಹೋದಾಗ ನಾವು ಆ ಬಾವಿ ಮ್ಯಾಲೆ ಬೊಗಸಿ ಒಡ್ಡಿ ನಿಂದರ್ತಿದ್ವಿ. ಯಾರರ ಪುಣ್ಯವಂತರು ಬಂದು ಮ್ಯಾಲಿಂದ ಹುಯ್ದ್ರ ಕುಡೀಬೇಕು, ಇಲ್ಲಂದ್ರ ಇಲ್ಲ. ಮೆಟ್ಲ ಮ್ಯಾಲೆ ಕಾಲಿಡಂಗಿದ್ದಿಲ್ಲ. ಈಗ ನನ್ನ ಮಗ ತಳದ ತನಕ ಇಳಿದು ತುಂಬಕೊಂಡು ಬರ್ತಾನ. ಆ ನೀರಿಗೆ ನನ್ನ ಕೊಡ ಹೆಚ್ಚಾತೇನು?”

ವರ್ಷಗಟ್ಟಲೆ ಆ ಬಾವಿಗೆ ಇಳಿದು ಹತ್ತಿದ್ದೇನೆ. ನೀರಿನ ಶಾಖ ಅಳೆದಿದ್ದೇನೆ, ಸುಣ್ಣದ ಅಂಶ ಅಳೆದಿದ್ದೇನೆ. ಇದು ಯಾವ ಅಳತೆಯಲ್ಲೂ ಬಂದಿರಲಿಲ್ಲ.

ಅವ್ವ ರೊಟ್ಟಿ ಹಾಕಿಕೊಟ್ಟಳು. ತಿಂದೆ. ಕೈ ತೊಳೆಯುವಾಗ ಕೇಳಿದಳು. “ಹುಳ ಸತ್ತು ಹೋದ್ವು. ಇನ್ನ ಯಾವುದರ ನೆವ ಹೇಳ್ತಿ?”

೩ ಜೂನ್, ಭಾನುವಾರ

ಮಾನ್ವಿಗೆ ಹೋಗುವ ಕಾರಣವಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಿದ್ದು ಎರಡೂ ಬಸ್ಸು ಹೋದ ಮೇಲೆ ಮನೆಗೆ ಬಂದೆ. ಅಭ್ಯಾಸಬಲ.

೭ ಜೂನ್

ಕಾಲೇಜು ತೆರೆದಿದೆ. ಗುರುಗಳಿಗೆ ನಡೆದದ್ದನ್ನು ಬರೆದೆ. ‘ಆಕಸ್ಮಿಕ ಲೋಹ ಸಂಪರ್ಕದಿಂದ’ ಎಂದು ಶುರುಮಾಡಿ ಹರಿದುಹಾಕಿ, ‘ನನ್ನ ತಪ್ಪಿನಿಂದ’ ಎಂದು ಬರೆದೆ. ಅವ್ವನ ಕೊಡದ ಸುದ್ದಿ ಧಾರವಾಡಕ್ಕೆ ಯಾಕೆ? ಬಟ್ಟಲುಗಳನ್ನು ಲಾಲ್ ಸಾಬ್ ತೊಳೆದು ಬೋರಲು ಹಾಕಿದ್ದಾನೆ. ಈಗ ಉಂಗುರ ಹಾಕಿಕೋ ಎಂದೆ. “ಇರ್ಲಿ ಬಿಡ್ರಿ ಸರ್, ಮತ್ತ ಹುಳ ಬರ್ತಾವ,” ಎಂದ.

ಪ್ರಿನ್ಸಿಪಾಲರ ಹತ್ತಿರ ಉದ್ದನೆಯ ರಜೆ ಕೇಳಿದೆ. ಕಾರಣ ಏನು ಎಂದರು. ಹೆಂಡತಿಯ ಹೆರಿಗೆ ಎಂದೆ. ಬಾಯಿಂದ ಆ ಶಬ್ದ ಹೊರಬಿದ್ದದ್ದು ಇದೇ ಮೊದಲು. ಪ್ರಿನ್ಸಿಪಾಲರು ಅಭಿನಂದನೆ ಹೇಳಿದರು. ಇಷ್ಟು ಬೇಗ ಹೇಳಬೇಡಿ ಎನ್ನಬೇಕೆಂದುಕೊಂಡೆ.

೧೦ ಜೂನ್, ದೇವದುರ್ಗ

ನಾನೂ ಅವ್ವನೂ ಬಂದೆವು. ಗಬ್ಬೂರು ದಾಟಿದ ಮೇಲೆ ಒಂದು ಮಳೆ ಬಿದ್ದು ಎರೆ ಹೊಲ ಕಪ್ಪಗೆ ಹೊಳೆಯುತ್ತಿತ್ತು. ಮಸರಕಲ್ಲಿನಲ್ಲಿ ಬಸ್ಸು ಕೆಟ್ಟಿತು. ವಾಪಸು ಹೋಗುವ ಬಸ್ಸು ಎದುರಿಗೇ ಬಂದು ನಿಂತದ್ದು ನಿಜ. ಹತ್ತಲಿಲ್ಲ.

ಸಂಜೆ ಅತ್ತೆ, ಅವ್ವ ಇಬ್ಬರೂ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಸೂಗಮ್ಮ ಕೇಳಿದಳು.

“ಹುಳ ಹ್ಯಾಂಗದಾವ್ರಿ?”

“ಸತ್ತವು.”

“ಎಲ್ಲಾ?”

“ಎಲ್ಲ.”

“ಮೊಗ್ಗಿ ಇದ್ದವೂ?”

ತಲೆ ಆಡಿಸಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಹುಳಕ್ಕೆ ಹೀಗೆ ಅಳುತ್ತಾರೇನು, ಹೊಟ್ಟೆಯಲ್ಲಿರುವ ಜೀವಕ್ಕೆ ಒಳ್ಳೆಯದಲ್ಲ, ಎಂದು ಸಮಾಧಾನ ಮಾಡಲು ಹೋದೆ. ಅಷ್ಟರಲ್ಲಿ ನನ್ನ ಕಣ್ಣಲ್ಲೂ ನೀರು ಬಂದು ಮಾತು ಅಲ್ಲಿಗೇ ನಿಂತಿತು.

ಅವಳು ನನ್ನನ್ನು ನೋಡಿ, “ಆಗ ನೀವು ಅಳಲಿಲ್ಲ,” ಎಂದಳು.

“ಯಾವಾಗ?” ಎಂದೆ. ಗೊತ್ತಿದ್ದೇ ಕೇಳಿದೆ.

ಮೊದಲನೆಯದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದು, ಮರುದಿನ ಎರೆಹುಳದ ಪಾಠ ಮಾಡಿದ್ದೆ. ಬಹಳ ಚೆನ್ನಾಗಿ ಮಾಡಿದೆನೆಂದು ಹುಡುಗರು ಹೇಳಿದ್ದರು. ಎರಡನೆಯದಕ್ಕೆ ಧಾರವಾಡದಲ್ಲಿದ್ದೆ. ತಂತಿ ಬಂದರೂ ಸೆಮಿನಾರು ಮುಗಿಸಿಕೊಂಡು ಬಂದಿದ್ದೆ. ಇವಳು ಯಾವತ್ತೂ ಏನೂ ಕೇಳಿರಲಿಲ್ಲ. ನಾನೂ ಅದನ್ನೇ ಸಮಾಧಾನ ಎಂದುಕೊಂಡಿದ್ದೆ.

ಇಬ್ಬರೂ ಅತ್ತೆವು. ಮೂವತ್ತಮೂರು ವರ್ಷದ ಗಂಡಸು ಹೈಡ್ರಾಕ್ಕಾಗಿ ಅಷ್ಟು ಹೊತ್ತು ಅತ್ತನೆಂದು ಯಾವ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ.

೧೯ ಜೂನ್

ನೀರು ಹೊರುತ್ತೇನೆ, ಸಂತೆಗೆ ಹೋಗುತ್ತೇನೆ, ಅತ್ತೆಯ ಕೈಯಲ್ಲಿ ಬೈಸಿಕೊಳ್ಳುತ್ತೇನೆ. ಹೆಂಡತಿಯ ತವರಿನಲ್ಲಿ ಅಳಿಯ ಎರಡು ದಿನಕ್ಕಿಂತ ಹೆಚ್ಚು ಇದ್ದರೆ ಮರ್ಯಾದೆ ಇಲ್ಲ ಎನ್ನುತ್ತಾರೆ. ನನಗೆ ಮೊದಲ ದಿನವೇ ಇರಲಿಲ್ಲ, ಹಾಗಾಗಿ ಹೋದದ್ದೇನೂ ಇಲ್ಲ.

ಸೂಗಮ್ಮನ ಕಾಲು ಬಾತಿವೆ. ಬಿಸಿನೀರು ಕಾಸಿ ಒತ್ತಿದೆ. ಪಕ್ಕದ ಮನೆಯ ಅಯ್ಯಮ್ಮ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ, “ನೋಡ್ರೇ, ಡಾಕ್ಟರ್ ಕಾಲು ಒತ್ತಾಕತ್ಯಾನ!” ಎಂದಳು. ನನ್ನನ್ನು ಡಾಕ್ಟರ್ ಎಂದು ಕರೆದದ್ದಕ್ಕೆ ತಿದ್ದಲಿಲ್ಲ.

೨೫ ಜೂನ್

ಲಾಲ್ ಸಾಬ್ ಮೊನ್ನೆ ಕಂಡಕ್ಟರನ ಬಾಯಲ್ಲಿ ಹೇಳಿ ಕಳಿಸಿದ್ದಾನೆ. ಡಾಫ್ನಿಯಾ ಸಾಕಿದ್ದ ಹಳೆಯ ಗಡಿಗೆಯ ತಳದಲ್ಲಿ ಒಂದು ಹೈಡ್ರಾ ಬದುಕಿದೆಯಂತೆ, ಮೊಗ್ಗೂ ಇದೆಯಂತೆ, ಬೇಗ ಬರಬೇಕಂತೆ. ಸಂತೋಷ. ನೋಡಿಕೊಳ್ಳಲು ಹೇಳಿ ಕಳಿಸಬೇಕು. ನಿನ್ನೆಯೇ ಕಳಿಸಬೇಕೆಂದಿದ್ದೆ, ಮರೆತೆ. ಸೂಗಮ್ಮನಿಗೆ ಹುಣಸೆ ಚಿಗುರು ಬೇಕೆನಿಸಿತ್ತು. ಈ ದಿನಗಳಲ್ಲಿ ಅದು ಎಲ್ಲಿ ಸಿಗುತ್ತದೆ ಎಂದು ಊರೆಲ್ಲ ಸುತ್ತಿದೆ.

೨ ಜುಲೈ

ಹೆಣ್ಣು. ಬೆಳಿಗ್ಗೆ. ಅತ್ತಿತು.

ಇಬ್ಬರೂ ಇದ್ದಾರೆ.

೪ ಜುಲೈ

ಮೂರನೆಯ ದಿನ. ಹೊಸ್ತಿಲ ಹೊರಗೆ ಕೂತಿದ್ದೇನೆ. ಏನೂ ಓದಲಿಲ್ಲ, ಏನೂ ತಿನ್ನಲಿಲ್ಲ. ಅವ್ವ ಆಗಾ‌ಗ ಬಂದು, “ಉಸಿರಾಡಾಕತ್ತೈತಿ,” ಎಂದು ಹೇಳಿ ಒಳಗೆ ಹೋಗುತ್ತಾಳೆ.

೫ ಜುಲೈ

ಉಸಿರಾಡುತ್ತಿದೆ. ಹಾಲು ಕುಡಿಯಿತು. ಸೂಗಮ್ಮ ನಿದ್ದೆ ಮಾಡಿದಳು.

೮ ಜುಲೈ, ಭಾನುವಾರ

ಇಂದು ನಡೆದದ್ದನ್ನು ಪೂರ್ತಿ ಬರೆಯುತ್ತೇನೆ. ನನ್ನ ಜನ್ಮದಲ್ಲಿ ಇಷ್ಟು ಚೆನ್ನಾಗಿ ಯಾವ ಕೆಲಸವನ್ನೂ ಕೆಡಿಸಿಲ್ಲ.

ಕೂಸುಗಳು ನಿಲ್ಲದ ಮನೆಯಲ್ಲಿ ನಮ್ಮವರು ಒಂದು ಶಾಸ್ತ್ರ ಮಾಡುತ್ತಾರೆ. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಡುತ್ತಾರೆ. ತಂದೆ ಎದುರಿಗೆ ನಿಂತು, ಇದು ನಮ್ಮದಲ್ಲ, ನಮಗೆ ಬೇಡ ಎಂದು ಕೂಗಿ ಹೇಳಬೇಕು. ಹೆತ್ತವರಿಗೇ ಬೇಡವಾದದ್ದು ನನಗೇಕೆ ಎಂದು ಸಾವು ಮುಂದೆ ಹೋಗುತ್ತದೆಯಂತೆ. ಆಗ ಮಕ್ಕಳೆಲ್ಲ ಬದುಕಿರುವ ಬೇರೊಬ್ಬ ಹೆಂಗಸು ಬಂದು ಕೂಸನ್ನು ಎತ್ತಿಕೊಳ್ಳುತ್ತಾಳೆ. ತಂದೆ ಒಂದು ಮೊರ ನುಚ್ಚು ಕೊಟ್ಟು ಅವಳಿಂದ ಕೊಂಡುಕೊಳ್ಳುತ್ತಾನೆ. ಎರಡನೆಯ ಬಸಿರಿನಲ್ಲೇ ಇದನ್ನು ಮಾಡೋಣವೆಂದು ಅವ್ವ ಕೇಳಿದಾಗ ನಾನು ನಕ್ಕು, ಮೂಢನಂಬಿಕೆ ಎಂದಿದ್ದೆನಂತೆ. ಈ ಸಲ ಕೇಳಿದಾಗ ಆಗಲಿ ಎಂದೆ. ಲಾಭವಿಲ್ಲದಿದ್ದರೂ ನಷ್ಟವಿಲ್ಲ, ಎರಡು ಮಾತು ಆಡುವುದು ತಾನೆ ಎಂದುಕೊಂಡೆ. ನೂರಿಪ್ಪತ್ತು ಹುಡುಗರ ಮುಂದೆ ಗಂಟೆಗಟ್ಟಲೆ ಮಾತಾಡುವವನು.

ಹಿತ್ತಲ ತಿಪ್ಪೆಯ ಮೇಲೆ ಹಳೆಯ ಸೀರೆ ಹಾಸಿ ಮೊರ ಇಟ್ಟರು. ಅಯ್ಯಮ್ಮ ಆಚೆ ಬದಿಯಲ್ಲಿ ತಯಾರಾಗಿ ನಿಂತಳು. ಅತ್ತೆ ನುಚ್ಚಿನ ಮೊರ ಹಿಡಿದಿದ್ದಳು. ಸೂಗಮ್ಮ ಬಾಗಿಲ ಚೌಕಟ್ಟು ಹಿಡಿದು ನೋಡುತ್ತಿದ್ದಳು. ಕೂಸು ಎಳೆಬಿಸಿಲಿಗೆ ಕಣ್ಣು ಕಿರಿದು ಮಾಡಿ, ಬೆರಳುಗಳನ್ನು ಬಿಚ್ಚಿ ಮುಚ್ಚಿ ಮಾಡುತ್ತಿತ್ತು.

“ಅನ್ನಪಾ,” ಎಂದಳು ಅವ್ವ.

“ಇದು,” ಎಂದೆ. ಮುಂದಕ್ಕೆ ಬರಲಿಲ್ಲ.

“ಇದು ನಮ್ಮದಲ್ಲ ಅನ್ರಿ ಅಳಿಯಾರ,” ಎಂದು ಅತ್ತೆ ಹೇಳಿಕೊಟ್ಟಳು.

“ಇದು,” ಎಂದೆ ಮತ್ತೆ.

ಸೂಗಮ್ಮ ಬಾಗಿಲಿಂದಲೇ, “ರೀ, ಸುಳ್ಳೇ ಅನ್ರಿ. ಖರೇ ಅಲ್ಲಲ್ಲ,” ಎಂದಳು.

ಕೂಸಿನ ಕಾಲ ಮೇಲೆ ಒಂದು ನೊಣ ಬಂದು ಕೂತಿತು. ಅದನ್ನು ಓಡಿಸಲು ಬಗ್ಗಿದೆ. ಬಗ್ಗಿದವನು ಕೂಸನ್ನು ಎತ್ತಿಕೊಂಡುಬಿಟ್ಟೆ. “ಇದು ನಂದು,” ಎಂದೆ. ಕೂಗಿ ಹೇಳಬೇಕಾದ ಜಾಗದಲ್ಲಿ ಕೂಗಿಯೇ ಹೇಳಿದೆ. “ನಂದದ. ಯಾರಿಗೂ ಕೊಡಂಗಿಲ್ಲ!”

ಅತ್ತೆ ಹಣೆ ಬಡಿದುಕೊಂಡಳು. “ಸಾವಿಗೆ ಕೇಳೂ ಹಂಗ ಒದರಿದ್ರಲ್ರಿ!” ಎಂದಳು. ಅಯ್ಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವ್ವ ನನ್ನನ್ನು ಬೈಯಲಿಲ್ಲ. ಹತ್ತಿರ ಬಂದು ಕೂಸಿನ ತಲೆಯ ಕೆಳಗೆ ನನ್ನ ಕೈಯನ್ನು ಸರಿಮಾಡಿ ಇಟ್ಟಳು. ನಾನು ತಪ್ಪಾಗಿ ಹಿಡಿದಿದ್ದೆ. ಇಷ್ಟು ವರ್ಷದಲ್ಲಿ ಜೀವವಿರುವ ಕೂಸನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ, ಹಾಗಾಗಿ ಗೊತ್ತಿರಲಿಲ್ಲ.

ಶಾಸ್ತ್ರ ಕೆಟ್ಟಿತು, ನಾಳೆ ಮೊದಲಿನಿಂದ ಮತ್ತೆ ಮಾಡಬೇಕು ಎಂದು ತೀರ್ಮಾನವಾಗಿದೆ. ಈ ಸಲ ನನ್ನ ಬದಲಿಗೆ ಸೂಗಮ್ಮನ ಸೋದರಮಾವ ನಿಂತು ಹೇಳುತ್ತಾನಂತೆ. ನನ್ನನ್ನು ಬೆಳಿಗ್ಗೆಯೇ ಬಸ್ಸು ಹತ್ತಿಸಿ ರಾಯಚೂರಿಗೆ ಕಳಿಸಿಬಿಡಬೇಕು, ಹೇಗೂ ಹುಳ ಬದುಕಿದೆಯಲ್ಲ ಎಂದು ಅತ್ತೆ ಹೊರಗೆ ಅವ್ವನಿಗೆ ಹೇಳುತ್ತಿದ್ದಾಳೆ. ನಾನು ಹೋಗುವುದಿಲ್ಲ.